ಬೆಲೆಚೀಟಿ

ಗ್ಲಾಸ್ಗೋ. ರೈಲುಸೇತುವೆಯ ಕಮಾನಿನಡಿ ನನ್ನಂಗಡಿ.
ಮೇಲೆ ಗಾಡಿ ಹೋದಾಗಲೆಲ್ಲ
ಗೋಡೆಗೆ ನೇತುಹಾಕಿದ ಅರವತ್ತು ಗಿಟಾರುಗಳು
ಯಾರೂ ಮುಟ್ಟದೆ ಸಣ್ಣಗೆ ಮುಲುಗುತ್ತವೆ.
ಹಳೆಯದನ್ನು ಕೊಳ್ಳುತ್ತೇನೆ, ಒರೆಸುತ್ತೇನೆ, ಮಾರುತ್ತೇನೆ.
ಮನಸ್ಸು ಬದಲಾಯಿಸುವವರು ಇರುವವರೆಗೆ
ನನ್ನ ಒಲೆ ಉರಿಯುತ್ತದೆ.

ಡೂಗಲ್ ರಾಫರ್ಟಿ ಇದ್ದಾನಲ್ಲ, ಬಸ್ಸು ಓಡಿಸುವವನು,
ಅವನೇ ನನ್ನ ಅರ್ಧ ಬಾಡಿಗೆ.
ಸಂಬಳದ ಶುಕ್ರವಾರ ಬರುತ್ತಾನೆ,
ಹೆಣ್ಣು ನೋಡಲು ಹೊರಟವನ ಹಾಗೆ ಕೂದಲು ಒದ್ದೆ ಮಾಡಿ ಬಾಚಿಕೊಂಡು.
"ಸಿಕ್ಕಿತು, ಇದೇ" ಅನ್ನುತ್ತಾನೆ. ಮೂರು ತಿಂಗಳು.
ಆಮೇಲೆ ಕತ್ತು ದಪ್ಪ, ದನಿ ತೆಳು, ಬಣ್ಣ ಯಾಕೋ ಸರಿಯಿಲ್ಲ.
ಕುಣಿಯಲಾರದೆ ನೆಲ ಡೊಂಕು ಅನ್ನುವವನಲ್ಲ ಅವನು,
ಇನ್ನೊಂದು ನೆಲವನ್ನೇ ಕೊಳ್ಳುವವನು.
ಒಂದು ಕೆಂಪು ಗಿಟಾರನ್ನು ಅವನಿಗೇ ಮೂರು ಸಲ ಮಾರಿದ್ದೇನೆ.
ಮೂರನೆಯ ಸಲ ಬೆನ್ನ ಮೇಲಿನ ಗೀರು ಸವರಿ
"ಇದನ್ನೆಲ್ಲೋ ನೋಡಿದ ಹಾಗಿದೆ" ಅಂದ.
ನಾನು ರಸೀದಿ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ.

ಇಶ್ಬೆಲ್ ಬರುವುದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ,
ನಾಲ್ಕು ತಂತಿಗೆ. ಅದೇ ಕಂಪನಿ, ಅದೇ ದಪ್ಪ.
ಅವಳ ಬೇಸ್ ಗಿಟಾರಿಗೆ ಐವತ್ತೊಂದು ವರ್ಷ;
ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದ ದುಡ್ಡಿನದು.
ಹೆಬ್ಬೆರಳು ಊರುವ ಕಡೆ ಬಣ್ಣ ಹೋಗಿ, ಮರವೂ ಹೋಗಿ
ಒಂದು ಬಟ್ಟಲೇ ಬಿದ್ದಿದೆ. ಉಪ್ಪಿನಕಾಯಿ ಬಡಿಸಬಹುದು.
ಎಳೆ ಹುಡುಗನೊಬ್ಬ ನೋಡಿ, ಉಸಿರು ಬಿಗಿಹಿಡಿದು,
"ಎಂಥ ನಿಷ್ಠೆ" ಅಂದ.
"ನಿಷ್ಠೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ.
ಎರಡು ಸಲ ಮಾರಲು ಹೊರಟೆ. ಕೊಳ್ಳುವವರು ಬರಲಿಲ್ಲ.
ಅಷ್ಟರಲ್ಲಿ ಶನಿವಾರ ಬಂತು, ನುಡಿಸಬೇಕಿತ್ತು, ನುಡಿಸಿದೆ."

ಈ ವರ್ಷ ಮಾರ್ಚಿನಲ್ಲೇ ಬಂದಳು.
ತಂತಿ ಕೇಳಲಿಲ್ಲ. ಎಡಗೈ ತೋರಿಸಿದಳು,
ಗೆಣ್ಣುಗಳು ಹಸಿಶುಂಠಿಯ ಹಾಗೆ.
"ಮೊದಲ ಮೆಟ್ಟಿಗೆ ಬೆರಳು ಎಟುಕುತ್ತಿಲ್ಲ. ಚಿಕ್ಕದು ಯಾವುದಿದೆ?"
ನನಗೆ ಬೆಲೆಗಳು ಬಾಯಿಪಾಠ;
ಎರಡು ಗಂಟೆ ಹೆಗಲಲ್ಲಿದ್ದರೆ ಯಾವುದು ಎಲ್ಲಿ ನೋಯುತ್ತದೆ,
ನಾನೇನು ಬಲ್ಲೆ?

ಕಿಟಕಿಯ ಹತ್ತಿರ ಹೊಸ ಪ್ರೇಮದಲ್ಲಿದ್ದ ಡೂಗಲ್
ಕೈಲಿದ್ದದ್ದನ್ನು ಕೆಳಗಿಟ್ಟ.
"ಆ ನೀಲಿ ಬೇಡ, ತಲೆಭಾರ, ಎಡಗೈಯೇ ಹೊರಬೇಕು.
ಪಕ್ಕದ್ದು ನನ್ನ ಹತ್ತಿರ ಏಳು ವಾರ ಇತ್ತು. ಒಳ್ಳೆಯ ಕತ್ತು,
ಥಂಡಿಗೆ ಬಾಗುತ್ತದೆ.
ಮೂಲೆಯ ಕಂದು, ಅದು. ಅದನ್ನು ಬಿಟ್ಟದ್ದೇ ತಪ್ಪಾಯಿತು."
ಇಪ್ಪತ್ತೆರಡು ವರ್ಷದ ಅವನ ಚಪಲ
ನನ್ನಂಗಡಿಯಲ್ಲಿ ಮೊದಲ ಸಲ ಯಾರದೋ ಉಪಯೋಗಕ್ಕೆ ಬಂತು.

ಇಶ್ಬೆಲ್ ಸ್ಟೂಲಿನ ಮೇಲೆ ಕೂತಳು.
ಹೆಬ್ಬೆರಳು ಬಟ್ಟಲು ಹುಡುಕಿತು, ಸಿಗದೆ ಜಾರಿತು.
ಮತ್ತೆ ಜಾರಿತು.
ಮೇಲೆ ಗಾಡಿ ಹೋಯಿತು, ಗೋಡೆಯೆಲ್ಲ ಮುಲುಗಿತು,
ಅವಳು ನಿಲ್ಲಿಸಲಿಲ್ಲ.
ಅರ್ಧ ಗಂಟೆಯಾದ ಮೇಲೆ "ಕಟ್ಟಿಕೊಡು" ಅಂದಳು,
ಮೀನಿನಂಗಡಿಯಲ್ಲಿ ಹೇಳುವಂತೆ.

ಹಳೆಯದು ಇಲ್ಲೇ ಇದೆ, ಗಲ್ಲಾದ ಹಿಂದೆ.
"ಮಾರು" ಅಂದಿದ್ದಾಳೆ, "ಈಗಲಾದರೂ ಯಾರಾದರೂ ಬಂದರೆ."
ಬೆಲೆಚೀಟಿ ಕಟ್ಟಿದ್ದೇನೆ, ಅಂಕಿ ಬರೆದಿಲ್ಲ.
ಮೂರು ಶುಕ್ರವಾರದಿಂದ ಡೂಗಲ್ ನೋಡುತ್ತಾನೆ, ಕೇಳುವುದಿಲ್ಲ.

ನಿನ್ನೆ ನಾನು ಬೀಗ ಹುಡುಕುತ್ತಿದ್ದಾಗ
ಆ ಬಟ್ಟಲಿಗೆ ತನ್ನ ಹೆಬ್ಬೆರಳಿಟ್ಟ.
ಹಿಡಿಸಲಿಲ್ಲ, ಅವನದು ದಪ್ಪ ಬೆರಳು.
ತೆಗೆದು, ಬಿದ್ದ ಚಿಲ್ಲರೆ ಎತ್ತಿಕೊಂಡವನಂತೆ
ಕೈಯನ್ನು ಜೇಬಿಗೆ ಹಾಕಿಕೊಂಡು ಕೇಳಿದ:
"ಆ ಕೆಂಪುದು ಇನ್ನೂ ಇದೆಯಾ?"