ತಿರುಪಲ್ಲ, ಅಂಟು

ಕಲಾಮಾದಲ್ಲಿ ಧೂಳಿಗೆ ತಾಮ್ರದ ರುಚಿ.
ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದರೂ
ಸಂಜೆಯ ಹೊತ್ತಿಗೆ ನಾಲಗೆಯ ಮೇಲೊಂದು ನಾಣ್ಯ.

ಗಣಿಯವರ ಅನಿಲಮಾಪಕ, ಸರ್ವೆಯವರ ದುರ್ಬೀನು,
ಚರ್ಚಿನ ಗಡಿಯಾರದ ಮುರಿದ ಚಕ್ರ
ಸರದಿಯಲ್ಲಿ ಕಾಯುತ್ತಿದ್ದವು, ಅವನು ಬಂದಾಗ.
ಹಸಿಂತೋ ಪೂಕಾ, ತೋಕೋನಾವ್ ಊರಿನವ,
ಮರುಭೂಮಿಯ ರಾತ್ರಿಗಳಲ್ಲಿ ಪರದೇಶದವರಿಗೆ
ಆಕಾಶ ತೋರಿಸಿ ಹೊಟ್ಟೆ ಹೊರೆಯುವವ.

ಉಣ್ಣೆಯ ಕಾಲುಚೀಲದಲ್ಲಿ ತಂದಿದ್ದ, ಮೇಜಿಗೆ ಸುರಿದ:
ಕೊಳವೆ, ಸ್ಪ್ರಿಂಗು, ಮಸೂರ, ಒಂದು ಬ್ಯಾಟರಿ,
ಜೊತೆಗೆ ಚಿಟಿಕೆ ಮರಳು.
"ತಂಗಿಯ ಮಗ," ಎಂದ. "ಹನ್ನೊಂದು ವರ್ಷ.
ಕೈ ಸುಮ್ಮನಿರುವುದಿಲ್ಲ, ಸೆನ್ಯೋರಾ ನೋಲ್ಫಾ."

ನಾನು ಏನೂ ಅನ್ನಲಿಲ್ಲ. ಬಿಚ್ಚಿದವರನ್ನು ಬಯ್ಯುವುದು
ದಿನಕ್ಕೆ ಒಂದು ಸಲ ಸಾಕು,
ಆ ದಿನದ್ದು ಬೆಳಿಗ್ಗೆಯೇ ಮುಗಿದಿತ್ತು.

ಭೂತಗನ್ನಡಿಯ ಕೆಳಗೆ ಹಿತ್ತಾಳೆ ಬಾಯಿಬಿಟ್ಟಿತು.
ಇಕ್ಕಳ ಮೂರು ಕಡೆ ಕಚ್ಚಿದೆ:
ಒಮ್ಮೆ ಜಾರಿ, ಒಮ್ಮೆ ಸಿಟ್ಟಿಗೆ,
ಮೂರನೆಯದು ಆಳ, ಅಲ್ಲಿ
ಇಕ್ಕಳದ ಜೊತೆ ಮನುಷ್ಯನೂ ಹಲ್ಲು ಕಚ್ಚಿದ್ದಾನೆ.
ತಂತಿ ಕಿತ್ತಿದೆ. ಹಲಗೆಯಿಂದ ತಾಮ್ರದ ಗೆರೆ
ಹಕ್ಕಳೆಯಂತೆ ಎದ್ದಿದೆ.
ಒಳಗಿನ ಹರಳು, ಎಳ್ಳಿಗಿಂತ ದೊಡ್ಡದಲ್ಲ,
ಪೀಠ ಬಿಟ್ಟು ಮರಳಿನಲ್ಲಿ ಮರಳಾಗಿದೆ.

ಹುಡುಕಿದ್ದು ಹೀಗೆ: ಕಪ್ಪು ಕಾಗದದ ಮೇಲೆ ಮರಳು ಹರಡಿ
ಟಾರ್ಚನ್ನು ಓರೆಗೆ ಹಿಡಿದು
ಚನ್ನಂಗಿ ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ,
ಆದರೆ ಇಲ್ಲಿ ಕಲ್ಲೇ ಊಟ.
ಎಲ್ಲ ಕಣಗಳೂ ಮಿನುಗಿದವು. ಒಂದರ ಮಿನುಗಿಗೆ ಮಾತ್ರ
ಮೂಲೆಗಳಿದ್ದವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ಕಡ್ಡಿಯೊಳಗೆ ಹಸಿರು ಇಲ್ಲ.
ಅಲ್ಲಿ ಹುಟ್ಟುವ ಬೆಳಕು ಕಣ್ಣಿಗೆ ಕಾಣದು.
ಮೊದಲ ಹರಳು ಅದನ್ನು ನುಂಗಿ ಉಗುಳುವುದೂ ಕಾಣದ್ದನ್ನೇ.
ಎರಡನೆಯದು ಕೂದಲೆಳೆಯಷ್ಟೂ ತಪ್ಪದೆ ಕೂತರೆ
ಕಾಣದ ಎರಡು ಸೇರಿ ಕಾಣುವ ಒಂದಾಗುತ್ತದೆ.
ಕೂರದಿದ್ದರೆ ಏನೂ ಇಲ್ಲ, ಕಣ್ಣು ಮಾತ್ರ ಸುಡುತ್ತದೆ.
ಅದಕ್ಕೇ ಕನ್ನಡಕ. ಅದಕ್ಕೇ ಬಾಗಿಲಿಗೆ ಚಿಲಕ,
ಬೆಕ್ಕು ಹೊರಗೆ.

ಮೂರು ಸಂಜೆ.
ಸೂಜಿಮೊನೆಯಿಂದ ತಳ್ಳು, ಉಸಿರು ಹಿಡಿ, ಗೋಡೆ ನೋಡು:
ಕತ್ತಲೆ.
ತಳ್ಳು. ಕತ್ತಲೆ.
ದೂರ ಗಣಿಯಲ್ಲಿ ಮದ್ದು ಸಿಡಿಯಿತು, ಮೇಜು ನಡುಗಿತು,
ಕೆಟ್ಟ ಮಾತೊಂದು ಬಾಯಿಗೆ ಬರುವಷ್ಟರಲ್ಲಿ
ಗೋಡೆಯ ಮೇಲೆ ಹಸಿರು.
ಕೈ ಮಾಡಿದ್ದೋ ಗಣಿ ಮಾಡಿದ್ದೋ, ಬಿಲ್ಲಿನಲ್ಲಿ ಬರೆಯಲಿಲ್ಲ.
ಒಂದು ಹನಿ ಅಂಟು ಬಿಟ್ಟು ನೀಲಿ ದೀಪದಡಿ ಒಣಗಿಸಿದೆ.

ಶನಿವಾರ ಬಂದ. ರಸೀದಿಗೆ ಸಹಿ ಹಾಕಿದ,
ಎಡಗೈಯಲ್ಲಿ.
ಹಿತ್ತಾಳೆಯ ಗೀರುಗಳೆಲ್ಲ ಜಾರಿದ್ದು ಆ ಕಡೆಗೇ.
ಕಂಡೆ. ನಾನು ಕಂಡದ್ದನ್ನು ಅವನೂ ಕಂಡ.
ಪೆನ್ನಿಗೆ ಮುಚ್ಚಳ ಹಾಕಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಹೇಳಿದ, ಯಾರದೋ ಕತೆಯೆಂಬಂತೆ:
ಇಪ್ಪತ್ತು ಜನ ಕತ್ತೆತ್ತಿ ನಿಂತಿದ್ದರು.
ಹಾಲುಹಾದಿಯ ಕಪ್ಪಿನಲ್ಲಿ ಲಾಮಾ ತೋರಿಸುತ್ತಿದ್ದ,
ನಕ್ಷತ್ರಗಳಿಂದಲ್ಲ, ನಕ್ಷತ್ರವಿಲ್ಲದ ಜಾಗದಿಂದ ಆದದ್ದು,
ಅವನಜ್ಜಿ ಬರಿಬೆರಳಲ್ಲಿ ತೋರಿಸಿದ್ದು.
ಕತ್ತಿನವರೆಗೆ ಬಂದಾಗ ಬೆಳಕು ಹೋಯಿತು.
ಜನ ಕಾದರು. ಯಾರೋ ಕೆಮ್ಮಿದರು.
ವ್ಯಾನಿನ ಡಬ್ಬಿಯಲ್ಲಿ ಇಕ್ಕಳ ಇತ್ತು.

"ಹುಡುಗನಿಗೆ ಹೇಳಿ," ಎಂದೆ, "ದುಂಡಗಿರುವುದೆಲ್ಲ ತಿರುಪಲ್ಲ.
ಇದು ಅಂಟು. ಬಿಸಿ ಮಾಡಬೇಕು, ಕಾಯಬೇಕು."
"ಹೇಳುತ್ತೇನೆ. ಅವನಿಗೆ ಅವಸರ ಜಾಸ್ತಿ."
"ಮೊದಲಿನಷ್ಟು ಪ್ರಖರವಿಲ್ಲ. ಕಿರಣ ತುಸು ಎಡಕ್ಕೆ ವಾಲುತ್ತದೆ."
"ಅಭ್ಯಾಸ ಮಾಡಿಕೊಳ್ಳುತ್ತಾನೆ," ಎಂದು
ಕಾಲುಚೀಲದೊಳಗೆ ಇಳಿಸಿದ.

ಆ ರಾತ್ರಿ ನಿಜಕ್ಕೂ ಕೆಟ್ಟಿದ್ದು
ಸ್ಪ್ರಿಂಗಿನ ತುದಿಯ ಒಂದಿಷ್ಟು ತುಕ್ಕು.
ಅಂಗಿಯ ಅಂಚಿನಲ್ಲಿ ಒರೆಸಿದ್ದರೆ
ಲಾಮಾದ ಕತ್ತು ಪೂರ್ತಿಯಾಗುತ್ತಿತ್ತು.

ಅದನ್ನು ಹೇಳಲಿಲ್ಲ.
ಬೆಕ್ಕನ್ನು ಒಳಗೆ ಬಿಟ್ಟುಕೊಂಡೆ.