ಹದಿನೇಳು, ಇಪ್ಪತ್ತೆರಡು

ಮೂರು ಯಂತ್ರ, ನಾಲ್ಕು ಚೂರಿ.
ಐಲಿಫ್ ಮೇಷ್ಟ್ರು ಶಾಲೆಯ ಸೂಕ್ಷ್ಮದರ್ಶಕ ತಂದಿದ್ದರು,
ಅದರ ಕತ್ತಿಗೆ ಏಳನೇ ತರಗತಿಯ ಚೀಟಿ ಇನ್ನೂ ಅಂಟಿತ್ತು.
ಹೊರಗೆ ವಾರ್ಡೊ ಬಂದರು, ಮಧ್ಯಾಹ್ನ ಎರಡಕ್ಕೇ ಕತ್ತಲು.
ಒಳಗೆ ಮೀನಿನ ಶೆಡ್ಡು, ಒಂದು ಬಲ್ಬು, ಎಂಟು ಜನ.
ಪಂದ್ಯಕ್ಕಿಟ್ಟದ್ದು ಒಂದು ಥರ್ಮಾಸ್ ಕಾಫಿ.

ಕತ್ತಿ ಮಸೆಯುವುದೆಂದರೆ ಹಗೆ ಅನ್ನುವವರುಂಟು.
ನಮಗದು ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಹಾಗೆ.
ಕಾಡ್ ಮೀನಿನ ತಲೆಗಳು ಗುಡ್ಡೆ ಬೀಳುವ ತಿಂಗಳಲ್ಲಿ
ನಾಲಿಗೆ ಕೊಯ್ಯುವವರಿಗೆ
ಮಾತು ಕಡಿಮೆ.

ಮೊದಲನೆಯದು ಇಕ್ಕಳ.
ಚೂರಿಯ ಬೆನ್ನು ಕಚ್ಚಿ ಹಿಡಿಯುತ್ತದೆ,
ಸರಳಿನ ತುದಿಯ ಕಲ್ಲು ಹೋಗುತ್ತದೆ, ಬರುತ್ತದೆ
ನಾಲ್ಕು ಗೆರೆಯ ಕಾಪಿಪುಸ್ತಕದಲ್ಲಿ ಅಕ್ಷರ ತಿದ್ದಿದಂತೆ.
ಎರಡನೆಯದು ಉರುಳೆ.
ಅಯಸ್ಕಾಂತಕ್ಕೆ ಬೆನ್ನು ಕೊಟ್ಟು ಚೂರಿ ಸುಮ್ಮನಿರುತ್ತದೆ,
ಡಬ್ಬಿಯಂಥದ್ದೊಂದು ಮೇಜಿನ ಮೇಲೆ ಆಚೆ ಈಚೆ.
ಮಕ್ಕಳ ಗಾಡಿ ಎಂದು ಯಾರೋ ನಕ್ಕರು.
ಮೂರನೆಯದಕ್ಕೆ ಕರೆಂಟು ಬೇಕು.
ಸೀಳಿನಲ್ಲಿಟ್ಟು ಎಳೆದರೆ ಪಟ್ಟಿ ಗರ್ರೆನ್ನುತ್ತದೆ;
ನಾಲ್ಕು ಕಿಡಿ, ಬಿಸಿ ಉಕ್ಕಿನ ವಾಸನೆ, ಮುಗಿಯಿತು.

ನಾಲ್ಕನೆಯ ಚೂರಿ ಗುನ್‌ವೋರಳದು. ಯಂತ್ರವಿಲ್ಲ.
ಐವತ್ತೊಂದು ವರ್ಷ ಅದೇ ಬೂದು ಕಲ್ಲು,
ನಡುವೆ ತಗ್ಗಾಗಿ
ನೀರು ಹಾಕಿದರೆ ನಿಲ್ಲುತ್ತದೆ.

ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು.
ಇಕ್ಕಳದ ಅಂಚು: ನೀಟಾಗಿ ಬಾಚಿದ ತಲೆ,
ಗೀರೆಲ್ಲ ಒಂದೇ ದಿಕ್ಕಿಗೆ.
ಉರುಳೆಯದು ನುಣುಪು, ಆದರೆ ತುದಿಯುದ್ದಕ್ಕೂ ಉಕ್ಕಿನ ಚುಂಗು,
ಅಂಚು ಹೊಲಿಯದೆ ಬಿಟ್ಟ ಬಟ್ಟೆಯ ಹಾಗೆ.
ಪಟ್ಟಿಯದರ ಹೊಟ್ಟೆ ಉಬ್ಬಿತ್ತು, ಮೊನೆ ಸವೆದಿತ್ತು.
ಗುನ್‌ವೋರಳದನ್ನು ಬಹಳ ಹೊತ್ತು ನೋಡಿದರು.
ಆಮೇಲೆ ಕೋನ ಅಳೆದರು, ಮತ್ತೊಮ್ಮೆ ಅಳೆದರು.
"ಈ ಮಗ್ಗುಲು ಹದಿನೇಳು, ಆ ಮಗ್ಗುಲು ಇಪ್ಪತ್ತೆರಡು.
ಇದು ತಪ್ಪು."
ಅವಳು ಮೂಗು ಸೀನಿದಳು, ಅಷ್ಟೇ.

ಕಾಗದ ನಾಲ್ಕೂ ಕೊಯ್ದವು.
ಟೋರ್ಗ್ನಿಯ ಮುಂಗೈ ರೋಮಕ್ಕೂ ಅದೇ ಗತಿ,
ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ.
ಇನ್ನು ಮೀನು. ಎಣಿಸುವವನು ನಾನು,
ಕೊಯ್ಯುವ ಕೈ ಎಲ್ಲಕ್ಕೂ ಗುನ್‌ವೋರಳದೇ.
ಎಂಬತ್ತನೆಯ ತಲೆಗೆ ಪಟ್ಟಿಯದು ಜಾರಿತು.
ನೂರಮೂವತ್ತಕ್ಕೆ ಉರುಳೆಯದು; ಚುಂಗು ಮುರಿದಿರಬೇಕು.
ಅವಳದ್ದು ನೂರೆಪ್ಪತ್ತು.
ಇಕ್ಕಳದ್ದು ಇನ್ನೂರು ದಾಟಿಯೂ ಕಾಗದ ಕೊಯ್ಯಿತು.

ಯಾರೂ ನಗಲಿಲ್ಲ. ಥರ್ಮಾಸ್ ಯಾರೂ ಮುಟ್ಟಲಿಲ್ಲ.
ಅವಳು ಕೈಗವಸು ಕಳಚಿ ಹೆಬ್ಬೆರಳು ತಿಕ್ಕಿಕೊಂಡಳು,
ಈಚೆಗೆ ಅದು ನಡುಗುತ್ತದೆ; ನೋಡಿಯೂ ನೋಡದಂತಿರುತ್ತೇವೆ.
"ಗೆದ್ದಿತು, ಸರಿ. ಆದರೆ ನನ್ನ ಕೈಗೆ ಕೂರಲಿಲ್ಲ.
ದವಡೆ ಮೂಳೆ ಬಂದಾಗ ಹೊರಳುತ್ತದೆ.
ಆ ಇಕ್ಕಳಕ್ಕೆ ಹೇಳು:
ಈ ಕಡೆ ಹದಿನೇಳು, ಆ ಕಡೆ ಇಪ್ಪತ್ತೆರಡು."

ಮೇಷ್ಟ್ರು ಬಾಯಿ ತೆರೆದು ಮುಚ್ಚಿದರು.
ತಿರುಪು ತಿರುಗಿಸಿದವನು ನಾನೇ.
ಇನ್ನೂರತೊಂಬತ್ತಕ್ಕೆ ಎಣಿಕೆ ನಿಂತಿತು,
ಚೂರಿ ಸೋತು ಅಲ್ಲ,
ತಲೆಗಳು ಮುಗಿದು.

ಆ ಐದು ಡಿಗ್ರಿ ಎಲ್ಲಿಂದ ಬಂತೆಂದು
ಕಾಫಿ ಬಗ್ಗಿಸುವಾಗ ಕೇಳಿದೆ.
ಹತ್ತೊಂಬತ್ತನೇ ವಯಸ್ಸಿಗೆ ದೋಣಿಕಟ್ಟೆಯ ಮಂಜಿನಲ್ಲಿ ಬಿದ್ದಳಂತೆ,
ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿತಂತೆ.
"ವೈದ್ಯರು ಬರುವ ದೋಣಿ ಎರಡು ವಾರ ತಡ" ಅಂದು
ಸಕ್ಕರೆ ಕೇಳಿದಳು.

ಈಗ ಕಲ್ಲು ಶೆಡ್ಡಿನ ಬಾಗಿಲಿಗೆ ಒತ್ತು.
ಇಕ್ಕಳದ ಮೇಲೆ ನನ್ನ ಕೈಬರಹದ ಚೀಟಿ, ಎರಡು ಅಂಕಿ.
ಶಾಲೆ ಬಿಟ್ಟೊಡನೆ ಸಿಂಡ್ರೆ ಓಡಿ ಬರುತ್ತಾನೆ,
ಹನ್ನೆರಡರ ಹುಡುಗ, ಕಡ್ಡಿಯಂಥ ನೆಟ್ಟನೆಯ ಮಣಿಕಟ್ಟು.
ಚೀಟಿ ನೋಡುತ್ತಾನೆ, ತಿರುಪು ತಿರುಗಿಸುತ್ತಾನೆ,
ಆ ಕಡೆ ಯಾಕೆ ಇಪ್ಪತ್ತೆರಡು ಎಂದು
ಇದುವರೆಗೂ ಕೇಳಿಲ್ಲ.
ಕೊಯ್ಯುತ್ತಾನೆ. ಚೆನ್ನಾಗಿಯೇ ಕೊಯ್ಯುತ್ತಾನೆ.