ವಿಳಾಸ ಪರಿಶೀಲನೆ

ದೆಹಲಿಯಿಂದ ಮಡಿಕೇರಿಗೆ, ಮಡಿಕೇರಿಯಿಂದ ವಿರಾಜಪೇಟೆಗೆ,
ಅಲ್ಲಿಂದ ನನ್ನ ಮೇಜಿಗೆ ಇಳಿದು ಬಂತು ಕಡತ:
ರಾಷ್ಟ್ರದ ನಾಗರಿಕ ಪ್ರಶಸ್ತಿಗೆ ಹೆಸರು ಬಂದಿದೆ.
ಸದರಿ ವ್ಯಕ್ತಿ ಸದರಿ ವಿಳಾಸದಲ್ಲಿ ವಾಸವಿರುವುದು ನಿಜವೇ,
ನಡತೆ ಹೇಗೆ, ಸಾಧನೆ ಏನು,
ಮೂರು ದಿನದೊಳಗೆ ವರದಿ ಕೊಡಿ. ಗೌಪ್ಯ.

ಗೌಪ್ಯವೆಂದರೆ ಸಿದ್ದಾಪುರದಲ್ಲಿ ಇಷ್ಟೇ:
ಬಸ್‌ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸುವ ಮೊದಲೇ
ಮೀನಂಗಡಿಯವನು ಕೂಗಿದ,
"ಮೊಯ್ದು ಕಾಕ ಮನೇಲಿಲ್ಲ ಸಾರ್, ಹೊಳೇಲಿದ್ದಾರೆ."

ಹೊಳೆಯಲ್ಲೇ ಇದ್ದರು. ಮಗುಚಿದ ದೋಣಿಗೆ ಡಾಂಬರು ಬಳಿಯುತ್ತ.
ಎಪ್ಪತ್ತೊಂದೋ, ಎಪ್ಪತ್ಮೂರೋ.
ಹುಟ್ಟಿದ ವರ್ಷ ಕೇಳಿದರೆ ನೀರಿನ ಲೆಕ್ಕ:
"ಮಸೀದಿಯ ಎರಡನೇ ಮೆಟ್ಟಿಲು ಮುಳುಗಿತಲ್ಲ, ಆ ವರ್ಷ."

ಕಲಂ ಆರು, ಉಳಿಸಿದ ಜೀವಗಳ ಸಂಖ್ಯೆ.
"ಎರಡು," ಅಂದರು. ತುಸು ಯೋಚಿಸಿ,
"ದನ ಸೇರಿಸಬಹುದಾದರೆ ಮೂರು.
ಉಳಿದವರೆಲ್ಲ ನಾನು ಇಳಿಯುವ ಹೊತ್ತಿಗೆ ಮುಗಿದವರು ಸಾರ್.
ಮನೆಯವರಿಗೆ ಅಳಲಿಕ್ಕೆ ಒಂದು ಮೈ ಬೇಕಲ್ಲ,
ನಾನು ತಂದುಕೊಡುವುದು ಅದನ್ನ."

ಕೈಲ್‌ಪೊಳ್ದ್ ದಿನ ಈಜಲು ಇಳಿದ ಅಣ್ಣ ತಮ್ಮ.
ರಜೆಗೆ ಬಂದ ಸೈನಿಕ, ಬೆಲ್ಟು ಕಟ್ಟಿದ ಹಾಗೆಯೇ.
ಕಾಫಿ ಕುಯ್ಯಲು ಬಂದ ಅಸ್ಸಾಮಿನ ಹುಡುಗ,
ಅವನ ಊರು ಕೊನೆಗೂ ಗೊತ್ತಾಗಲಿಲ್ಲ.
"ಮೇಲೆ ಓಡುವ ಹೊಳೆ ಕೆಳಗೆ ನಿಂತಿರುತ್ತದೆ.
ಅಲ್ಲಿ ಕಣ್ಣು ಮುಚ್ಚಿಯೇ ಹುಡುಕಬೇಕು.
ಮೊದಲು ಕೂದಲು ಸಿಗುತ್ತದೆ,
ಬಿದಿರಿನ ಬೇರೆಂದು ಎಷ್ಟೋ ಸಲ ಕೈ ಬಿಟ್ಟಿದ್ದೇನೆ."

ಒಟ್ಟು ಎಷ್ಟು?
ಉತ್ತರ ಅಡುಗೆಮನೆಯಿಂದ ಬಂತು: "ನೂರಾ ಹದಿನಾಲ್ಕು."
ನಬೀಸುಮ್ಮನ ಲೆಕ್ಕ ಅದು, ತಪ್ಪುವಂತಿಲ್ಲ.
ಅಷ್ಟು ಹೊದಿಕೆ ಮನೆಯಿಂದ ಹೋಗಿವೆ.
ತವರಿನವರು ಕೊಟ್ಟದ್ದು ಮೊದಲ ಮಳೆಗಾಲಕ್ಕೇ ಹೋಯಿತು.
ಯಾರೂ ತಿರುಗಿ ಕೊಡುವುದಿಲ್ಲ,
ಕೇಳುವ ಸಾಮಾನೂ ಅಲ್ಲ ಅದು.

ಬಿಟ್ಟಿದ್ದ ಕಲಂ ಎರಡಕ್ಕೆ ಬಂದೆ. ವಿಳಾಸ.
ಪೆನ್ನು ನಿಂತಿತು.

ಕಳೆದ ಜೂನಿನಲ್ಲಿ ಇದೇ ಬಾಗಿಲಿಗೆ
ನಾನೇ ಅಂಟಿಸಿದ್ದೆ ನೋಟೀಸು:
ಹೊಳೆಬದಿ ಪೈಸಾರಿ, ಅನಧಿಕೃತ ವಾಸ,
ಹದಿನೈದು ದಿನದೊಳಗೆ ತೆರವು.
ಅಂಟು ಒಣಗಿಹೋಗಿತ್ತು.
ನಬೀಸುಮ್ಮನೇ ಒಂದು ಹಿಡಿ ಗಂಜಿಯನ್ನ ತಂದು,
"ಚೆನ್ನಾಗಿ ಒತ್ತಿ ಸಾರ್, ಗಾಳಿಗೆ ಹಾರುತ್ತೆ" ಅಂದಿದ್ದರು.

ನಮ್ಮ ದಾಖಲೆಯಲ್ಲಿ ಈ ಮನೆ ಇಲ್ಲ.
ಈ ಬಾಗಿಲಿಲ್ಲ, ಗೋಡೆಯ ಮೇಲಿನ ನೆರೆಯ ಗೆರೆಗಳಿಲ್ಲ.
ದೇಶ ಹುಡುಕುತ್ತಿರುವ ಮನುಷ್ಯ
ಸರ್ವೆ ನಂಬರಿನ ಪ್ರಕಾರ ನೀರಿನಲ್ಲಿ ವಾಸಿಸುತ್ತಾನೆ.

ನನ್ನ ಮುಖ ನೋಡಿ ಕಾಕನಿಗೇ ಕನಿಕರವಾಗಿರಬೇಕು:
"ಹೊಳೆ ಅಂತಲೇ ಬರೀರಿ. ಪೋಸ್ಟಿನವನಿಗೆ ಗೊತ್ತು."

ಬರೆದೆ: ವಾಸವಿರುವುದು ನಿಜ.
ಸಹಿ ಹಾಕಿದೆ, ಮೊಹರು ಒತ್ತಿದೆ.
ಮೊಹರು ಬೇರೆ ಇಲ್ಲ ನನ್ನಲ್ಲಿ, ಎರಡಕ್ಕೂ ಅದೇ.

ಟೀವಿಯಲ್ಲಿ ಹನ್ನೊಂದು ಸೆಕೆಂಡು ತೋರಿಸಿದರು.
ತೋಟದ ರೈಟರ ಕರಿಕೋಟು, ತೋಳು ಉದ್ದ.
ಕೈ ಕುಲುಕುವ ಮುನ್ನ
ಅಂಗೈಯನ್ನು ಎದೆಗೆ ಒರೆಸಿಕೊಂಡರು.
ಹೋಟೆಲಿನಲ್ಲಿ ಯಾರೋ ನಕ್ಕರು.
ಆ ಕೈಗೆ ತಾನು ಒಣಗಿದ್ದೇನೆ ಅನ್ನಿಸುವುದೇ ಇಲ್ಲ,
ಅದು ಅವರಿಗೆ ಗೊತ್ತಿಲ್ಲ.

ಆಮೇಲೆ ಪಂಚಾಯಿತಿ, ಲಯನ್ಸು, ಶಾಲೆ, ವ್ಯಾಪಾರಿಗಳ ಸಂಘ.
ಇಪ್ಪತ್ತಾರು ಶಾಲು.
ನಬೀಸುಮ್ಮ ಎಣಿಸಿ, ಜರಿ ಇಲ್ಲದವನ್ನು ಮೇಲಿಟ್ಟು
ಪೆಟ್ಟಿಗೆ ಮುಚ್ಚಿದರು: "ಈ ಮಳೆಗಾಲಕ್ಕೆ ಸಾಕು."

ಭಾಗಮಂಡಲದಲ್ಲಿ ಮಳೆ ಹಿಡಿದಿದೆಯಂತೆ.
ಬೆಳಿಗ್ಗೆ ಕಡತವೊಂದು ಬಂತು:
ಹೊಳೆಬದಿ ತೆರವು ಏಕೆ ಆಗಿಲ್ಲ, ಕೂಡಲೇ ವಿವರಣೆ ನೀಡಿ.
ಜೊತೆಗೆ ನನ್ನದೇ ವರದಿಯ ನಕಲು,
ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು:
ವಾಸವಿರುವುದು ನಿಜ.

ಈ ಸಲ ಅಂಟಿನ ಬಾಟಲಿ ತುಂಬಿದೆ.
ಮುಚ್ಚಳ ತೆಗೆದಿಲ್ಲ.